ಡೈನೋಸಾರ್‌ಗಳು ಅಳಿಯದಿದ್ದರೆ ನಾವು ಇರುತ್ತಿದ್ದೆವೇ?

ಪ್ರಶ್ನೆ: ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯೊಂದರ ಶಿಕ್ಷಕಿ. ಡೈನೋಸಾರ್‌ಗಳು ಅಳಿಯದೇ ಇದ್ದಿದ್ದರೆ ಅವುಗಳಲ್ಲೇ ಮನುಷ್ಯನಂಥ ಬುದ್ಧಿವಂತ ಜೀವಿ ಹುಟ್ಟುತ್ತಿತ್ತೇ, ಆಗ ನಾವು ಇರುತ್ತಿದ್ದೆವೇ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ನಾವು ಇರುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಡೈನೋಸಾರ್‌ಗಳು ನೆಲವನ್ನಾಳಿದ 13 ಕೋಟಿಗೂ ಹೆಚ್ಚು ವರ್ಷ ಸಸ್ತನಿಗಳೂ ಜೊತೆಗಿದ್ದವು. ಆದರೆ ಬಹುಪಾಲು ಇಲಿ, ಹೆಗ್ಗಣಗಳ ಗಾತ್ರವನ್ನು ಮೀರಲಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಮೆಕ್ಸಿಕೊದ ಯುಕಟಾನ್ ಪ್ರದೇಶಕ್ಕೆ ಅಪ್ಪಳಿಸಿದ ಮೇಲೆ, ಏಳು ಲಕ್ಷ ವರ್ಷಗಳೊಳಗೇ ಅಮೆರಿಕದ ಕೊಲರಾಡೊದಲ್ಲಿ 50 ಕಿಲೊ ತೂಗುವ ಸಸ್ತನಿಗಳು ಕಾಣಿಸಿಕೊಂಡವು. ಅಷ್ಟು ಕಾಲ ಅವುಗಳನ್ನು ತಡೆದಿದ್ದುದು ಜಾಗದ ಕೊರತೆಯೇ.

ಡೈನೋಸಾರ್‌ಗಳು ಹೇಗೂ ಮುಗಿಯುವ ಹಂತದಲ್ಲಿದ್ದವು ಎಂಬ ಮಾತನ್ನು ಮಾತ್ರ ಮಕ್ಕಳಿಗೆ ಹೇಳಬೇಡಿ. ನಿಮ್ಮ ಕಡೆಯ ಕರಿಕಲ್ಲು ಆ ಕಾಲದ ಆಸುಪಾಸಿನಲ್ಲಿ ಹರಿದ ಲಾವಾ; ಆದರೆ ಎಲ್ಲವನ್ನೂ ಮುಗಿಸುವಂತೆ ಅದು ಒಂದೇ ಸಮನೆ ಹರಿಯಲಿಲ್ಲ. ದಖ್ಖಣದಲ್ಲಿ ಬಾವಿ ತೋಡುವಾಗ ಎರಡು ಕರಿಕಲ್ಲಿನ ಪದರಗಳ ನಡುವೆ ಇಟ್ಟಿಗೆ ಬಣ್ಣದ, ಬೆರಳಿಗೆ ಪುಡಿಯಾಗುವ ಮಣ್ಣಿನ ಪಟ್ಟಿ ಸಿಗುವುದುಂಟು. ಒಂದು ಹರಿವು ತಣ್ಣಗಾಗಿ, ಮುಂದಿನದು ಬರುವ ಮುನ್ನ ಕಲ್ಲು ಸವೆದು ಮಣ್ಣಾಗುವಷ್ಟು ಬಿಡುವು ಸಿಕ್ಕಿತ್ತೆಂಬುದಕ್ಕೆ ಅದು ಗುರುತು. ಇದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ದೊರೆತ ಡೈನೋಸಾರ್‌ಗಳ ಪಳೆಯುಳಿಕೆ ಲದ್ದಿಯೊಳಗೆ ಹುಲ್ಲಿನ ಸೂಕ್ಷ್ಮ ಅವಶೇಷಗಳಿವೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಗಿನ್ನೂ ಹೊಸದಾಗಿದ್ದ ಹುಲ್ಲನ್ನು ಮೇಯಲು ಕಲಿತಿದ್ದ ಪ್ರಾಣಿಗಳಿಗೆ ಮುಂದಿನ ಹುಲ್ಲುಗಾವಲುಗಳೂ ಒಗ್ಗುತ್ತಿದ್ದವೆಂದು ಊಹಿಸುವುದು ತಪ್ಪಾಗದು.

ಇನ್ನು ಬುದ್ಧಿಯ ಮಾತು. ಟ್ರೂಡಾನ್ ಗುಂಪಿನ, ಮೈಗೆ ಹೋಲಿಸಿದರೆ ದೊಡ್ಡ ಮಿದುಳಿದ್ದ ಡೈನೋಸಾರ್‌ನಿಂದ ಬಾಲವಿಲ್ಲದ, ನೆಟ್ಟಗೆ ನಡೆಯುವ, ಮನುಷ್ಯಾಕಾರದ ಜೀವಿ ವಿಕಾಸವಾಗಬಹುದಿತ್ತೆಂದು ಕೆನಡಾದ ಪಳೆಯುಳಿಕೆ ವಿಜ್ಞಾನಿ ಡೇಲ್ ರಸೆಲ್ 1982ರಲ್ಲಿ ಕಲ್ಪಿಸಿ ಮಾದರಿಯನ್ನೂ ಮಾಡಿಸಿದ್ದರು. ನಾನು ಅದನ್ನು ಒಪ್ಪಲಾರೆ. ನಮ್ಮ ನೆಟ್ಟನೆಯ ಬೆನ್ನು ಮರ ಹತ್ತುತ್ತಿದ್ದ ವಾನರರಿಂದ ಬಂದದ್ದು. ಬಾಲದಿಂದಲೇ ಸಮತೋಲ ಕಾಯ್ದುಕೊಂಡು ಎರಡು ಕಾಲಿನಲ್ಲಿ ಓಡುತ್ತಿದ್ದ ಪ್ರಾಣಿಗೆ ಅದನ್ನು ಕಳೆದುಕೊಳ್ಳುವ ಅಗತ್ಯವೇನಿತ್ತು?

ಬದುಕುಳಿದ ಡೈನೋಸಾರ್‌ಗಳು ಏನಾದವೆಂದು ತಿಳಿಯಲು ಹಕ್ಕಿಗಳನ್ನೇ ನೋಡಬೇಕು, ಏಕೆಂದರೆ ಅವು ಅದೇ ವಂಶದ ಕುಡಿಗಳು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ ಕಾಗೆ ಕವಲುಕಡ್ಡಿಯನ್ನು ಕೊಕ್ಕಿನಿಂದ ಕತ್ತರಿಸಿ, ತುದಿಯನ್ನು ಕೊಕ್ಕೆಯಂತೆ ತಿದ್ದಿ, ಮರದ ಪೊಟರೆಯೊಳಗಿನ ಹುಳುವನ್ನು ಎಳೆದು ತಿನ್ನುತ್ತದೆ. ಕಾಗೆ, ಗಿಳಿಗಳ ಪುಟ್ಟ ಮಿದುಳಿನಲ್ಲಿ ನರಕೋಶಗಳು ಒತ್ತೊತ್ತಾಗಿರುವುದರಿಂದ ಅವುಗಳಿಗೆ ದೊಡ್ಡ ತಲೆ ಬೇಕಾಗಿಲ್ಲ, ಕೈಯೂ ಬೇಕಾಗಿಲ್ಲ. ಡೈನೋಸಾರ್‌ಗಳ ಬುದ್ಧಿ ಬೆಳೆದಿದ್ದರೆ ಈ ದಾರಿಯಲ್ಲೇ ಬೆಳೆಯುತ್ತಿತ್ತು ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಿ.