ಹಳೆಯ ಫಿಲ್ಮ್ ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾದಲ್ಲಿ ದಿನವೂ ಬಳಸಬಹುದೇ?

ಮನೆಯಲ್ಲಿ ಉಳಿದಿರುವ ಹಳೆಯ 50 ಮಿ.ಮೀ. ಲೆನ್ಸನ್ನು ಅಡಾಪ್ಟರ್ ಮೂಲಕ ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಿ ದಿನನಿತ್ಯದ ಛಾಯಾಗ್ರಹಣಕ್ಕೆ ಬಳಸಬಹುದೇ, ಆಟೋಫೋಕಸ್ ಇಲ್ಲದಿರುವುದು ದೊಡ್ಡ ತೊಡಕಾಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಖಂಡಿತ ಬಳಸಬಹುದು. ಆರು ವರ್ಷಗಳಿಂದ ನನ್ನ ಕ್ಯಾಮೆರಾದ ಮೇಲೆ ಹೆಚ್ಚಿನ ದಿನ ಕೂತಿರುವುದು ಇಂಥದ್ದೇ ಒಂದು ಲೆನ್ಸ್. ಆದರೆ ಓಡಾಡುವ ಮಕ್ಕಳನ್ನೋ ಆಟದ ಮೈದಾನವನ್ನೋ ತೆಗೆಯುವ ದಿನ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಅಂಥ ಕೆಲಸಕ್ಕೆ ಆಟೋಫೋಕಸ್ ಇರುವ ಲೆನ್ಸೊಂದು ಚೀಲದಲ್ಲಿ ಇರಲೇಬೇಕು.

ಈ ಜೋಡಣೆ ಏಕೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಅಡಾಪ್ಟರ್ ಆಯ್ಕೆ ಸುಲಭವಾಗುತ್ತದೆ. ಲೆನ್ಸಿನ ನೋಟವನ್ನು ಕನ್ನಡಿಯ ಮೂಲಕ ತೋರಿಸುತ್ತಿದ್ದ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕಾಗಿತ್ತು. ಹಾಗಾಗಿ ಮೌಂಟಿನಿಂದ, ಅಂದರೆ ಲೆನ್ಸ್ ಕೂರುವ ಅಂಚಿನಿಂದ, ಫಿಲ್ಮಿನವರೆಗಿನ ದೂರ ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ಎಂ42 ತಿರುಪಿನ ಲೆನ್ಸುಗಳಲ್ಲಿ 45.46 ಮಿ.ಮೀ., ಕ್ಯಾನನ್ ಎಫ್‌ಡಿಯಲ್ಲಿ 42 ಮಿ.ಮೀ. ಇತ್ತು. ಕನ್ನಡಿಯೇ ಇಲ್ಲದ ಇಂದಿನ ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಿಮೆ: ಸೋನಿ ಇ ಮೌಂಟಿನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಮಾತ್ರ. ಉಳಿದ ಅಂತರವನ್ನು ತುಂಬುವ ಟೊಳ್ಳು ಲೋಹದ ಕೊಳವೆಯೇ ಅಡಾಪ್ಟರ್. ಅದರೊಳಗೆ ಗಾಜು ಇರಬೇಕಾಗಿಲ್ಲ, ಆದ್ದರಿಂದ ಚಿತ್ರದ ಗುಣಮಟ್ಟ ಕೆಡುವ ಭಯವೂ ಇಲ್ಲ. ಆದರೆ ಅದರ ಉದ್ದ ಕೂದಲೆಳೆಯಷ್ಟು ಹೆಚ್ಚಾದರೂ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗಿ ಮೂಡುವುದಿಲ್ಲ. ಅದಕ್ಕಾಗಿಯೇ ಹಲವು ತಯಾರಕರು ಬೇಕೆಂದೇ ತುಸು ಗಿಡ್ಡವಾಗಿ ಮಾಡುತ್ತಾರೆ. ಆಗ ಲೆನ್ಸಿನ ಫೋಕಸ್ ಉಂಗುರ ಅನಂತದ, ಅಂದರೆ ಅತಿ ದೂರದ, ಗುರುತನ್ನು ಮುಟ್ಟುವ ಮೊದಲೇ ಅನಂತ ಬಂದುಬಿಟ್ಟಿರುತ್ತದೆ. ಉಂಗುರವನ್ನು ಕೊನೆಯವರೆಗೆ ತಿರುಗಿಸಿ ಕ್ಲಿಕ್ ಮಾಡಿದರೆ ದೂರದ ದೃಶ್ಯ ಮಸುಕಾಗುತ್ತದೆ. ನಾನು ಮೊದಲು ಕೊಂಡ ಅಡಾಪ್ಟರಿನ ದೋಷ ಬೇರೆಯೇ ಆಗಿತ್ತು: ಫೋಕಸ್ ಉಂಗುರವನ್ನು ತಿರುಗಿಸಿದಾಗ ಇಡೀ ಲೆನ್ಸೇ ಕೂದಲಷ್ಟು ಹೊರಳುತ್ತಿತ್ತು. ಲೆನ್ಸಿಗೆ ಎಷ್ಟು ಗಮನ ಕೊಡುತ್ತೀರೋ ಅಡಾಪ್ಟರಿಗೂ ಅಷ್ಟೇ ಗಮನ ಕೊಡಿ.

ಜೋಡಿಸಿದ ಮೇಲೆ ಶಟರ್ ಒತ್ತಿದರೂ ಕ್ಯಾಮೆರಾ ಸುಮ್ಮನಿದ್ದರೆ ಗಾಬರಿಯಾಗಬೇಡಿ. ಕ್ಯಾಮೆರಾಕ್ಕೆ ಅಲ್ಲಿ ಲೆನ್ಸ್ ಇರುವುದೇ ಗೊತ್ತಾಗುವುದಿಲ್ಲ. ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆ ಮಾಡುವ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಚಾಲೂ ಮಾಡಬೇಕು. ಕ್ಯಾಮೆರಾದೊಳಗೆ ಕೈ ನಡುಕವನ್ನು ಸರಿದೂಗಿಸುವ ಸ್ಥಿರೀಕರಣ ಇದ್ದರೆ ಫೋಕಲ್ ಲೆಂಗ್ತ್ 50 ಎಂದು ನೀವೇ ನಮೂದಿಸಬೇಕು, ಇಲ್ಲದಿದ್ದರೆ ಅದು ತಪ್ಪು ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಎಕ್ಸ್‌ಪೋಶರ್ ಬಗ್ಗೆ ಚಿಂತೆ ಬೇಡ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ನೀವೇ ಹೊಂದಿಸುವ ಅಪರ್ಚರ್ ಪ್ರಯಾರಿಟಿಯಲ್ಲಿಟ್ಟರೆ ಒಳಬಂದ ಬೆಳಕನ್ನು ಅಳೆದು ಶಟರ್ ವೇಗವನ್ನು ಕ್ಯಾಮೆರಾವೇ ನಿರ್ಧರಿಸುತ್ತದೆ. ನಿಮ್ಮ ಸೆನ್ಸರ್ ಎಪಿಎಸ್‌-ಸಿ ಗಾತ್ರದ್ದಾಗಿದ್ದರೆ (ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಗಾತ್ರದ ಸೆನ್ಸರಿಗಿಂತ ಚಿಕ್ಕದು) ಮಾತ್ರ 50 ಮಿ.ಮೀ. ಲೆನ್ಸಿನ ನೋಟ ಫುಲ್ ಫ್ರೇಮಿನ ಸುಮಾರು 75 ಮಿ.ಮೀ.ಗೆ ಸಮನಾಗುತ್ತದೆ. ಮುಖಗಳಿಗೆ ಅದು ಚೆನ್ನ, ಆದರೆ ಮನೆಯೊಳಗೆ ಇಕ್ಕಟ್ಟೆನಿಸುತ್ತದೆ. ದಿನನಿತ್ಯಕ್ಕೆ ಒಂದೇ ಲೆನ್ಸ್ ಎನ್ನುವುದಾದರೆ ಆಗ 28 ಅಥವಾ 35 ಮಿ.ಮೀ. ಲೆನ್ಸ್ ಹುಡುಕುವುದು ಒಳ್ಳೆಯದು.

ಇನ್ನು ಫೋಕಸ್, ಅಂದರೆ ನಿಮ್ಮ ನಿಜವಾದ ಆತಂಕ. ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗ್ ಆರಂಭದಲ್ಲಿ ಬಹಳ ನೆರವಾಗುವಂತೆ ಕಾಣುತ್ತದೆ, ಆದರೆ ಅದನ್ನೇ ಪೂರ್ತಿ ನಂಬಬಾರದು. ಅದು ಹುಡುಕುವುದು ಕಾಂಟ್ರಾಸ್ಟ್ ಹೆಚ್ಚಿರುವ ಅಂಚುಗಳನ್ನು. ಅಪರ್ಚರ್ ಪೂರ್ತಿ ತೆರೆದಾಗ ನಿಜವಾಗಿ ಸ್ಪಷ್ಟವಾಗಿರುವ ಪದರಕ್ಕಿಂತ ಅಗಲವಾದ ಭಾಗಕ್ಕೆ ಬಣ್ಣ ಹಚ್ಚಿಬಿಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.8ಕ್ಕೆ (ಎಫ್ ಅಂಕಿ ಚಿಕ್ಕದಾದಷ್ಟು ಅಪರ್ಚರ್ ದೊಡ್ಡದು) ತೆರೆದು ಒಂದು ಮೀಟರ್ ದೂರದಿಂದ ಚಿತ್ರ ತೆಗೆದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 4 ಸೆಂ.ಮೀ. ಅಷ್ಟೇ. ಕಿಟಕಿಯ ಪಕ್ಕ ಕೂತು ಓದುತ್ತಿದ್ದ ನನ್ನ ಅಕ್ಕನ ಚಿತ್ರವನ್ನು ಮೊದಲ ಸಲ ಹೀಗೆ ತೆಗೆದಾಗ ಪೀಕಿಂಗಿನ ಕೆಂಪು ಗೆರೆ ಕಣ್ಣು, ಕಿವಿ, ಕನ್ನಡಕದ ಕಡ್ಡಿ ಎಲ್ಲದರ ಮೇಲೂ ಮಿನುಗುತ್ತಿತ್ತು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕನ್ನಡಕದ ಚೌಕಟ್ಟು ಗೀಚಿದಷ್ಟು ಸ್ಪಷ್ಟವಾಗಿತ್ತು, ರೆಪ್ಪೆಗಳು ಕರಗಿಹೋಗಿದ್ದವು. ಅಂದಿನಿಂದ ಹತ್ತಿರದ ವಿಷಯಗಳಿಗೆ ನೋಟವನ್ನು ಹಿಗ್ಗಿಸಿ ನೋಡುವ ಸೌಲಭ್ಯವನ್ನೇ ಬಳಸುತ್ತೇನೆ. ಅದನ್ನು ಹೆಬ್ಬೆರಳಿಗೆ ಸಿಗುವ ಗುಂಡಿಯೊಂದಕ್ಕೆ ಹೊಂದಿಸಿಕೊಳ್ಳಿ. ಒತ್ತಿ, ಹಿಗ್ಗಿದ ನೋಟವನ್ನು ಎದುರಿನವರ ಕಣ್ಣಿನ ಮೇಲಿಟ್ಟು, ಉಂಗುರವನ್ನು ಸ್ಪಷ್ಟತೆಯ ಆಚೆಗೊಮ್ಮೆ ದಾಟಿಸಿ ಹಿಂದಕ್ಕೆ ತನ್ನಿ. ರೆಪ್ಪೆಗಳು ಒಂದೊಂದಾಗಿ ಬೇರ್ಪಟ್ಟು ನಿಂತ ಕ್ಷಣ ಗೊತ್ತಾಗಿಯೇ ಆಗುತ್ತದೆ. ಕೆಲವು ವಾರಗಳಲ್ಲಿ ಇದು ಕೈಗೆ ಕೂರುತ್ತದೆ.

ನಡೆದಾಡುತ್ತಾ ತೆಗೆಯುವಾಗ ಇನ್ನೊಂದು ವಿಧಾನವಿದೆ, ನನ್ನ ಮಟ್ಟಿಗೆ ಹಳೆಯ ಲೆನ್ಸಿನ ಅತಿ ದೊಡ್ಡ ಅನುಕೂಲ ಅದೇ. ಅದರ ಮೈಮೇಲೆ ದೂರದ ಅಂಕಿಗಳೂ ಅವುಗಳ ಕೆಳಗೆ ಪ್ರತಿ ಅಪರ್ಚರಿಗೆ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಎಂಬ ಗೆರೆಗಳೂ ಕೆತ್ತಿರುತ್ತವೆ. ಎಫ್ 8ಕ್ಕೆ ಇಟ್ಟು ಉಂಗುರವನ್ನು 5 ಮೀಟರಿಗೆ ತಿರುಗಿಸಿದರೆ, ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತು ಮೀಟರಿನವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತದೆ. ಕ್ಯಾಮೆರಾ ಎತ್ತಿ ಕ್ಲಿಕ್ ಮಾಡುವುದಷ್ಟೇ ಕೆಲಸ. ಫೋಕಸ್ ಹುಡುಕುತ್ತಾ ಹಿಂದೆಮುಂದೆ ಹೋಗಲು ಅಲ್ಲಿ ಮೋಟಾರೇ ಇಲ್ಲ. ಈ ಗೆರೆಗಳು ಫಿಲ್ಮಿನ ಕಾಲದ ಲೆಕ್ಕದವು, ಇಂದಿನ ಸೆನ್ಸರಿಗೆ ತುಸು ಉದಾರವೆನಿಸುತ್ತವೆ, ಆದ್ದರಿಂದ ಎಫ್ 8ಕ್ಕೆ ಇಟ್ಟಾಗ ಎಫ್ 5.6ರ ಗೆರೆಗಳನ್ನು ಓದುವುದು ಕ್ಷೇಮ.

ಚಿತ್ರದ ಗುಣದ ಬಗ್ಗೆಯೂ ಒಂದಿಷ್ಟು ಹೇಳಬೇಕು. ಬಹುಪಾಲು ಹಳೆಯ 50 ಮಿ.ಮೀ. ಲೆನ್ಸುಗಳು ಪೂರ್ತಿ ತೆರೆದಾಗ ಮೃದುವಾಗಿರುತ್ತವೆ, ಎಫ್ 4ರ ಹೊತ್ತಿಗೆ ಬಿಗಿಯಾಗುತ್ತವೆ. ಹಳೆಯ ಲೇಪನಗಳು ಇಂದಿನವುಗಳಷ್ಟು ಸಮರ್ಥವಲ್ಲ. ಬೆಳಕಿನ ಮೂಲ ಎದುರಿಗಿದ್ದರೆ ಚಿತ್ರದ ಮೇಲೆ ತೆಳು ಹಾಲಿನ ಪರದೆ ಎಳೆದಂತಾಗುತ್ತದೆ. ಹುಡ್ ಹಾಕಿ, ಇಲ್ಲವೇ ಅಂಗೈಯಿಂದ ಮರೆಮಾಡಿ. ಸೋವಿಯತ್ ಕಾಲದ ಹೆಲಿಯೋಸ್ 44-2 ಜರ್ಮನಿಯ ಬಯೋಟಾರ್ 58 ಮಿ.ಮೀ. ಲೆನ್ಸಿನ ಮಾದರಿಯಲ್ಲಿ ತಯಾರಾದದ್ದು. ಎಲೆಗಳ ಹಿನ್ನೆಲೆಯಲ್ಲಿ ಅದು ಮೂಡಿಸುವ ಸುಳಿಯಂಥ ಮಸುಕು ನೋಡಲು ಸೊಗಸು, ಆದರೆ ದಿನವೂ ಅದೇ ಸುಳಿಯನ್ನು ನೋಡಲು ನನಗಂತೂ ಮನಸ್ಸಾಗುವುದಿಲ್ಲ. ಎಫ್ 1.4ರ ಕೆಲವು ಹಳೆಯ ಟಕುಮಾರ್ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದ್ದು, ಕಾಲಕ್ರಮೇಣ ಅದು ಹಳದಿಗೆ ತಿರುಗುತ್ತದೆ. ನೇರಳಾತೀತ ಬೆಳಕಿಗೆ ಕೆಲವು ದಿನ ಒಡ್ಡಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.

ನಿಮ್ಮ ಲೆನ್ಸ್ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿತ್ತು ಎಂದಿದ್ದೀರಿ. ಅಡಾಪ್ಟರ್ ಕೊಳ್ಳುವ ಮೊದಲು ಅದರ ಹಿಂಬದಿಯಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಧೂಳಿನ ಕಣಗಳು ಇದ್ದರೆ ಇರಲಿ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಶಿಲೀಂಧ್ರ, ಅಂಥದ್ದನ್ನು ಸ್ವಚ್ಛಗೊಳಿಸದೆ ಬೇರೆ ಲೆನ್ಸುಗಳ ಜತೆ ಇಡಬೇಡಿ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಮಿಂಚುತ್ತಿದೆಯೇ ಎಂದೂ ನೋಡಿ.

ಕೊನೆಗೆ ಮೌಂಟ್ ಯಾವುದೆಂದು ಗುರುತಿಸಿ. ಹಿಂಭಾಗದಲ್ಲಿ ತಿರುಪಿನ ಸುತ್ತುಗಳಿದ್ದರೆ ಸ್ಕೇಲಿನಿಂದ ವ್ಯಾಸ ಅಳೆಯಿರಿ: 42 ಮಿ.ಮೀ. ಬಂದರೆ ಬಹುಮಟ್ಟಿಗೆ ಎಂ42, 39 ಬಂದರೆ ಅದಕ್ಕೆ ಬೇರೆಯೇ ಅಡಾಪ್ಟರ್ ಬೇಕು. ಎಂ42 ಲೆನ್ಸಿನ ಪಕ್ಕದಲ್ಲಿ ಆಟೋ-ಮ್ಯಾನುಯಲ್ ಎಂಬ ಸಣ್ಣ ಕೀಲಿಯಿದ್ದರೆ ಅದನ್ನು ಮ್ಯಾನುಯಲ್‌ಗೆ ಸರಿಸಿ. ಇಲ್ಲದಿದ್ದರೆ, ಅಡಾಪ್ಟರಿನ ಒಳಅಂಚು ಲೆನ್ಸಿನ ಹಿಂಭಾಗದ ಪಿನ್ನನ್ನು ಒತ್ತಿ ಹಿಡಿಯದ ಹೊರತು, ಅಪರ್ಚರ್ ಉಂಗುರವನ್ನು ಎಷ್ಟು ತಿರುಗಿಸಿದರೂ ಬ್ಲೇಡುಗಳು ಕದಲುವುದಿಲ್ಲ. ಕ್ಯಾನನ್ ಎಫ್‌ಡಿ ಆದರೆ ಈ ಕೆಲಸವನ್ನು ಅಡಾಪ್ಟರಿನ ಮೇಲಿರುವ ಲಾಕ್ ಉಂಗುರ ಮಾಡುತ್ತದೆ.