ರೊಕ್ಕದ ಲೋಕವನ್ನು ಅಣಕಿಸುವ ಕಾದಂಬರಿಗಳು: ಯಾವುದು ಮೊದಲು?

ಸಂಡೂರಿನ ಓದುಗರೊಬ್ಬರ ಪತ್ರ: ನಾವು ಆರೇಳು ಮಂದಿ ವಾರಕ್ಕೊಮ್ಮೆ ಸೇರಿ ಓದುತ್ತೇವೆ. ಬಂಡವಾಳಶಾಹಿಯನ್ನು ಗೇಲಿ ಮಾಡುವ ವೈಜ್ಞಾನಿಕ ಮತ್ತು ಫ್ಯಾಂಟಸಿ ಕಾದಂಬರಿಗಳು ಬೇಕು. ಅರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್‌ಪೊಸೆಸ್ಡ್’ ಹಿಡಿದು ಮೂರನೇ ಅಧ್ಯಾಯಕ್ಕೇ ಬಿಟ್ಟೆವು. ಇಂಗ್ಲಿಷ್ ಓದಬಲ್ಲೆವು, ತೀರಾ ಬಿಗಿಯಾದದ್ದು ಬೇಡ. ಎಲ್ಲಿಂದ ಶುರು ಮಾಡೋಣ?

ಸಂಪಾದಕರ ಉತ್ತರ:

ಬಿಟ್ಟಿದ್ದಕ್ಕೆ ಬೇಸರ ಬೇಡ. ಬಹಳ ಮಂದಿ ಎಡವುವುದು ಅಲ್ಲೇ. 1974ರ ಆ ಕಾದಂಬರಿಯ ಹದಿಮೂರು ಅಧ್ಯಾಯಗಳಲ್ಲಿ ಕಥೆ ನೇರಕ್ಕೆ ಹೋಗುವುದಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ, ಬೆಸ ಅಧ್ಯಾಯಗಳು ಕಥಾನಾಯಕ ಶೆವೆಕ್ ಈಗ ಬಂದಿಳಿದಿರುವ ಸಿರಿವಂತ ಗ್ರಹ ಊರಾಸ್‌ನಲ್ಲಿ, ಸರಿ ಅಧ್ಯಾಯಗಳು ಅವನು ಹುಟ್ಟಿ ಬೆಳೆದ ಬರಡು ಗ್ರಹ ಅನಾರೆಸ್‌ನಲ್ಲಿ. ಎರಡನೆಯದರಲ್ಲಿ ಕೂಸಾಗಿದ್ದವನು ಮೂರಕ್ಕೆ ಮತ್ತೆ ದೊಡ್ಡವನಾಗಿ ನಿಂತಿರುತ್ತಾನೆ. ಯಾರೂ ಹೇಳದಿದ್ದರೆ ತಲೆ ಕೆಡುವುದು ಸಹಜ. ಮೇಲಾಗಿ ಅದು ಅಣಕದ ಪುಸ್ತಕವೇ ಅಲ್ಲ, ತೂಗಿ ನೋಡುವ ಪುಸ್ತಕ. ಕೊನೆಗಿಟ್ಟುಕೊಳ್ಳಿ.

ಈ ಬಗೆಯ ವಿಡಂಬನೆಗೆ ನಾವು ಹಿಡಿಯುವ ಅಳತೆ ಒಂದೇ: ಒಳಗೆ ಲೆಕ್ಕ ಇದೆಯೇ? ಹೊಟ್ಟೆ ಬಂದ ಸಾಹುಕಾರ, ಅವನ ಕೈಯಲ್ಲೊಂದು ಸಿಗಾರು, ಇಷ್ಟೇ ಇದ್ದರೆ ಅದು ಬರೀ ಬೈಗುಳ. ಯಾವ ಸಾಮಾನಿಗೆ ಎಷ್ಟು, ಪಗಾರ ಎಷ್ಟು, ಅದರಲ್ಲಿ ಮುರಿದುಕೊಂಡದ್ದೆಷ್ಟು ಎಂದು ಬರೆದವನಿಗೆ ಗೊತ್ತಿದ್ದರೆ ನಗು ತಾನಾಗಿ ಬರುತ್ತದೆ.

ಮೊದಲ ಕೂಟಕ್ಕೆ ಇಡೀ ಪುಸ್ತಕ ಬೇಡ, ಒಂದು ಪುಟ ಸಾಕು. ಟೆರ್ರಿ ಪ್ರ್ಯಾಚೆಟ್ ಅವರ ‘ಮೆನ್ ಅಟ್ ಆರ್ಮ್ಸ್’ನಲ್ಲಿ (1993) ಕಾವಲು ಪಡೆಯ ವೈಮ್ಸ್‌ಗೆ ತಿಂಗಳಿಗೆ 38 ಡಾಲರ್ ಸಂಬಳ. ಒಳ್ಳೆಯ ಚರ್ಮದ ಬೂಟಿಗೆ 50 ಡಾಲರ್, ವರ್ಷಗಟ್ಟಲೆ ಬಾಳುತ್ತದೆ. ಅವನ ಕೈಗೆ ಎಟುಕುವುದು 10 ಡಾಲರಿನದು, ಒಂದೆರಡು ಹಂಗಾಮಿಗೆ ಅದರ ರಟ್ಟು ಕಿತ್ತುಬರುತ್ತದೆ. ಹತ್ತು ವರ್ಷದಲ್ಲಿ ಬಡವ 100 ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆಯೇ. ಇಷ್ಟನ್ನು ಗಟ್ಟಿಯಾಗಿ ಓದಿ, ನಿಮ್ಮ ನಿಮ್ಮ ಮನೆಯ ಚಪ್ಪಲಿ, ಕೊಡೆ, ಪಂಪ್‌ಸೆಟ್ಟಿನ ಲೆಕ್ಕ ಹಾಕಿ ನೋಡಿ.

ಆಮೇಲೆ ಕಾರೆಲ್ ಚಾಪೆಕ್ ಅವರ ‘ವಾರ್ ವಿತ್ ದ ನ್ಯೂಟ್ಸ್’. ಚೆಕ್ ಭಾಷೆಯಲ್ಲಿ 1936ರಲ್ಲಿ ಬಂದದ್ದು. ಸಂಡೂರಿನವರು ಇದನ್ನು ಓದದೆ ಬಿಡಬಾರದು. ಸುಮಾತ್ರಾ ಬಳಿಯ ದ್ವೀಪದಲ್ಲಿ ಹಡಗಿನ ಕಪ್ತಾನನೊಬ್ಬನಿಗೆ ಬುದ್ಧಿಯುಳ್ಳ ದೊಡ್ಡ ನೀರುಹಲ್ಲಿಗಳು ಸಿಗುತ್ತವೆ. ಶಾರ್ಕ್ ಕೊಲ್ಲಲು ಚಾಕು ಕೊಟ್ಟು ಮುತ್ತು ತೆಗೆಸುತ್ತಾನೆ. ಅವನು ಸತ್ತ ಮೇಲೆ ಸಿಂಡಿಕೇಟ್ ಹುಟ್ಟುತ್ತದೆ, ಮುತ್ತು ಬಿಟ್ಟು ಪ್ರಾಣಿಗಳನ್ನೇ ಮಾರಾಟಕ್ಕಿಡುತ್ತದೆ. ದರ್ಜೆಗಳಿವೆ: ಮೇಸ್ತ್ರಿಯಾಗಬಲ್ಲವು, ಭಾರ ಎಳೆಯುವವು, ತಂಡದಲ್ಲಿ ದುಡಿಯುವವು, ಚಿಲ್ಲರೆ ಕೆಲಸದವು, ಕೊನೆಗೆ ಕಸ. ಕಸದ ದರ್ಜೆಯವನ್ನು ಎಣಿಸಿ ಮಾರುವುದಿಲ್ಲ, ಟನ್ ಲೆಕ್ಕದಲ್ಲಿ ತೂಗುತ್ತಾರೆ. ಲಂಪ್ಸ್ (ಗಡ್ಡೆ) ಬೇರೆ, ಫೈನ್ಸ್ (ಪುಡಿ) ಬೇರೆ ಎಂದು ಅದಿರಿನ ದರ ಕೇಳಿ ಬೆಳೆದ ಊರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮುಂದೆ ಅವೇ ಹಲ್ಲಿಗಳು ಮನುಷ್ಯರ ಕರಾವಳಿಯನ್ನು ಸಿಡಿಸತೊಡಗಿದರೂ ಅವಕ್ಕೆ ಮದ್ದು-ಗುಂಡು ಮಾರುವುದು ನಿಲ್ಲುವುದಿಲ್ಲ. ವ್ಯಾಪಾರ ನೋಡಿ!

ಇಲ್ಲಿ ಕಾಲು ಜಾರುವುದು ಎರಡನೇ ಭಾಗದಲ್ಲಿ. ಪತ್ರಿಕೆಯ ತುಣುಕು, ಸಭೆಯ ವರದಿ, ಪುಟ ನುಂಗುವ ಅಡಿಟಿಪ್ಪಣಿ. ಒಬ್ಬರು ಕಥೆ ಓದಲಿ, ಇನ್ನೊಬ್ಬರು ಟಿಪ್ಪಣಿ ಓದಲಿ, ಸರಾಗವಾಗುತ್ತದೆ. ಕೊಳ್ಳುವಾಗ ಅನುವಾದಕರ ಹೆಸರು ನೋಡಿ. 1937ರ ವೆದರಾಲ್ ದಂಪತಿಯ ಇಂಗ್ಲಿಷ್ ಹಳತಾಗಿದೆ; 1985ರ ಎವಾಲ್ಡ್ ಆಸರ್ಸ್ ಅನುವಾದ ಹಗುರ.

ಮೂರನೆಯದು ಫ್ರೆಡರಿಕ್ ಪೋಲ್ ಮತ್ತು ಸಿ. ಎಂ. ಕಾರ್ನ್‌ಬ್ಲುತ್ ಸೇರಿ ಬರೆದ ‘ದಿ ಸ್ಪೇಸ್ ಮರ್ಚೆಂಟ್ಸ್’ (1953). ಪೋಲ್ ಸ್ವತಃ ಜಾಹೀರಾತು ಬರೆದು ದುಡಿದವರು, ಆ ಪಳಗಿದ ಕೈ ಕಾಣುತ್ತದೆ. ದೇಶ ನಡೆಸುವುದು ಜಾಹೀರಾತು ಕಂಪನಿಗಳು. ವಾಸಕ್ಕೆ ಯೋಗ್ಯವಲ್ಲದ ಶುಕ್ರಗ್ರಹಕ್ಕೆ ಜನ ತಾವಾಗಿಯೇ ಹೊರಡುವಂತೆ ಮಾಡುವುದು ಮಿಚ್ ಕೋರ್ಟ್ನಿಯ ಕೆಲಸ. ಅವನೇ ಕಥೆ ಹೇಳುವವನು, ಆ ವ್ಯವಸ್ಥೆಯನ್ನು ಮನಸಾರೆ ನಂಬಿದವನು. ಆದ್ದರಿಂದ ಮೊದಲರ್ಧದಲ್ಲಿ ಅವನ ಮಾತನ್ನು ಲೇಖಕರ ಮಾತೆಂದುಕೊಳ್ಳಬೇಡಿ. ನಡುವೆ ಅವನೇ ಕೋಸ್ಟರಿಕದ ಪಾಚಿ ತೋಟದಲ್ಲಿ ಕರಾರಿನ ಕೂಲಿಯಾಗಿ ಬೀಳುತ್ತಾನೆ. ಅಲ್ಲಿ ತಿಂಡಿ ತಿಂದರೆ ಒಂದು ಪಾನೀಯ ಬೇಕೆನಿಸುತ್ತದೆ, ಅದನ್ನು ಕುಡಿದರೆ ಸಿಗರೇಟು, ಸಿಗರೇಟು ಸೇದಿದರೆ ಮತ್ತೆ ಅದೇ ತಿಂಡಿ. ಎಲ್ಲವೂ ಉದ್ರಿ. ದುಡಿದಷ್ಟೂ ಸಾಲ ಏರುತ್ತದೆ. ಪುಸ್ತಕದ ಜೀವ ಇರುವುದು ಈ ಪುಟಗಳಲ್ಲಿ. ಕೊನೆಯ ಭಾಗದ ಓಡಾಟ ಅವಸರದ್ದು, ಹೆಂಗಸರ ಚಿತ್ರಣವೂ ಆ ಕಾಲದ್ದೇ. ಸಹಿಸಿಕೊಳ್ಳಿ.

ಫ್ಯಾಂಟಸಿಯೇ ಬೇಕೆನ್ನುವವರಿಗೆ ಮತ್ತೆ ಪ್ರ್ಯಾಚೆಟ್, ‘ಗೋಯಿಂಗ್ ಪೋಸ್ಟಲ್’ (2004). ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 33ನೆಯದಾದರೂ ಹಿಂದಿನವು ಬೇಕಿಲ್ಲ. ಗೋಪುರದಿಂದ ಗೋಪುರಕ್ಕೆ ಸಂದೇಶ ಕಳಿಸುವ ಸಂಸ್ಥೆಯೊಂದು ಹಣದವರ ಕೈಗೆ ಬೀಳುತ್ತದೆ. ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಹೊತ್ತನ್ನೇ ಅವರು ಉಳಿತಾಯವೆಂದು ಕತ್ತರಿಸುತ್ತಾರೆ. ಗೋಪುರದ ಮೇಲಿನ ಕೆಲಸಗಾರರು ಸಾಯುತ್ತಾರೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಓವರ್‌ಹಾಲಿಂಗ್ ನೋಡಿದವರಿದ್ದರೆ ಅವರನ್ನೇ ಮಾತಾಡಲು ಬಿಡಿ.

ಮನೆಯ ಮಕ್ಕಳೂ ಕೂಡುವುದಾದರೆ ಮಿಖಾಯೆಲ್ ಎಂಡೆ ಅವರ ‘ಮೋಮೊ’ (1973) ತನ್ನಿ. ಸಮಯ ಉಳಿತಾಯದ ಬ್ಯಾಂಕಿನ ಬೂದು ಬಣ್ಣದ ಏಜೆಂಟೊಬ್ಬ ಕ್ಷೌರಿಕನಿಗೆ ಎಪ್ಪತ್ತು ವರ್ಷದ ಆಯಸ್ಸನ್ನು 2,20,75,20,000 ಸೆಕೆಂಡ್ ಎಂದು ಕನ್ನಡಿಯ ಮೇಲೆ ಬರೆದು ತೋರಿಸುತ್ತಾನೆ. ನಿದ್ದೆ, ಊಟ, ಮುದಿ ತಾಯಿಯ ಜೊತೆಗಿನ ಮಾತು, ಎಲ್ಲವನ್ನೂ ನಷ್ಟದ ಕಾಲಮಿಗೆ ಹಾಕಿ, ಅವನು ಈವರೆಗೆ ಬಾಳಿದ ವರ್ಷಗಳಿಂದ ಕಳೆದರೆ ಉಳಿಯುವುದು ಸೊನ್ನೆ. ಗುಣಾಕಾರ ಸರಿಯಿದೆ, ಮೋಸ ಇರುವುದು ಕಾಲಮಿನಲ್ಲಿ. ಮಕ್ಕಳ ಕೈಲೇ ಮಾಡಿಸಿ.

ಇನ್ನುಳಿದವು ಚುಟುಕಾಗಿ. ಫಿಲಿಪ್ ಕೆ. ಡಿಕ್ ಅವರ ‘ಯೂಬಿಕ್’ನಲ್ಲಿ (1969) ಮನೆಯ ಬಾಗಿಲೇ ಐದು ಸೆಂಟ್ ಕೇಳಿ ಜಗಳಕ್ಕೆ ನಿಲ್ಲುತ್ತದೆ. ಆ ದೃಶ್ಯ ರುಚಿಕಟ್ಟು, ಮುಂದಿನದು ಗೋಜಲು. ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಶ್’ (1992) ಮೂವತ್ತು ನಿಮಿಷದೊಳಗೆ ಮುಟ್ಟಿಸಲೇಬೇಕಾದ ಪಿಜ್ಜಾದಿಂದ ಭರ್ಜರಿಯಾಗಿ ಶುರುವಾಗಿ ನಡುವೆ ಪ್ರಾಚೀನ ಸುಮೇರಿಯನ್ ನಾಗರಿಕತೆಯ ಪಾಠವಾಗುತ್ತದೆ. ರೊಕ್ಕ ಖರ್ಚಾಗಬಾರದೆಂದರೆ ಎಚ್. ಜಿ. ವೆಲ್ಸ್ ಅವರ ‘ದಿ ಟೈಮ್ ಮೆಶಿನ್’ (1895). ಲೇಖಕರು 1946ರಲ್ಲಿ ತೀರಿಕೊಂಡದ್ದರಿಂದ ನಮ್ಮ ದೇಶದಲ್ಲಿ ಕಾಪಿರೈಟ್ ಮುಗಿದಿದೆ, ಮುದ್ರಿಸಿ ಹಂಚಿಕೊಳ್ಳಬಹುದು.

ಇಷ್ಟಾದ ಮೇಲೆ ಲೆ ಗ್ವಿನ್ ಕಡೆ ಮರಳಿ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಊರಾಸ್ ಒಂದು ಕಡೆ, ಅನಾರೆಸ್ ಒಂದು ಕಡೆ, ಪ್ರತಿ ಅಧ್ಯಾಯಕ್ಕೆ ಶೆವೆಕ್‌ನ ವಯಸ್ಸು ಗುರುತು ಹಾಕುತ್ತಾ ಹೋಗಿ. ಸರಿ ಅಧ್ಯಾಯಗಳನ್ನಷ್ಟೇ ಒಟ್ಟಿಗೆ ಓದಿಬಿಡುವ ಆಸೆಯಾಗುತ್ತದೆ. ಮಾಡಬೇಡಿ, ಅವನು ಊರು ಬಿಟ್ಟದ್ದೇಕೆಂಬ ಗುಟ್ಟು ಮೊದಲೇ ಒಡೆದುಹೋಗುತ್ತದೆ.