ಹಿರಿಯ ಬ್ಲೂಸ್ ಕಲಾವಿದರು ಕಣ್ತಪ್ಪಿ ಹೋಗುವುದು ಎಲ್ಲಿ?

ಬ್ಲೂಸ್ ಅನ್ನುವ ಅಮೆರಿಕದ ಸಂಗೀತ ಪ್ರಕಾರದ ಹಬ್ಬವಾದ ಚಿಕಾಗೋ ಬ್ಲೂಸ್ ಫೆಸ್ಟಿವಲ್‌ಗೆ ಹೋದರೂ ದೊಡ್ಡ ಹೆಸರಿನವರೇ ಸಿಕ್ಕರು, ಎಲೆಮರೆಯ ಹಿರಿಯರು ಸಿಗಲಿಲ್ಲ ಅಂದಿದ್ದೀರಿ. ಬಹುಶಃ ನೀವು ಸಂಜೆ ಬಂದು ಮುಖ್ಯ ವೇದಿಕೆಯಾದ ಪ್ರಿಟ್ಜ್‌ಕರ್ ಪೆವಿಲಿಯನ್ ಮುಂದೆಯೇ ಕೂತಿದ್ದಿರಿ, ಅಲ್ವಾ?

ಮುಂದಿನ ಸಲ ಮಧ್ಯಾಹ್ನವೇ ಹಬ್ಬ ನಡೆಯುವ ಮಿಲೇನಿಯಂ ಪಾರ್ಕ್ ಸೇರಿ, ಮೊದಲು ಸಣ್ಣ ವೇದಿಕೆಗಳಿಗೆ ಹೋಗಿ. ಟಿಕೆಟ್ ಬೇಕಿಲ್ಲ, ಹಿಡಿಸದಿದ್ದರೆ ಎದ್ದು ಹೋದರಾಯಿತು. ಮಿಸಿಸಿಪ್ಪಿಯಿಂದ ಬಂದವರಿದ್ದರೆ ಮಾತ್ರ ಬಿಡಬೇಡಿ. ಬೆಂಟೋನಿಯಾದ ಜಿಮ್ಮಿ 'ಡಕ್' ಹೋಮ್ಸ್ ಥರದವರು ಊರಿನ ಶೈಲಿಯನ್ನೇ ಹೊತ್ತು ತರುತ್ತಾರೆ.

ಆಮೇಲೆ, ಹಾಡುವವರನ್ನಲ್ಲ, ಹಿಂದೆ ನುಡಿಸುವವರನ್ನು ಗಮನಿಸಿ. ನಿಜವಾದ ಖಜಾನೆ ಇರುವುದೇ ಅಲ್ಲಿ. ಉದಾಹರಣೆಗೆ, ಬಾಬ್ ಸ್ಟ್ರೋಗರ್ ಹುಟ್ಟಿದ್ದು 1930ರಲ್ಲಿ. ಓಟಿಸ್ ರಶ್, ಜಿಮ್ಮಿ ರಾಜರ್ಸ್ ಅಂಥ ಹೆಸರಾಂತ ಬ್ಲೂಸ್ ಗಾಯಕರ ಹಿಂದೆ ನಿಂತು ಬಾಸ್ ಗಿಟಾರ್ ನುಡಿಸಿದವರು. 2022ರಲ್ಲಿ, 90 ದಾಟಿದ ಮೇಲೆ, ಡೆಲ್ಮಾರ್ಕ್ ಎಂಬ ರೆಕಾರ್ಡ್ ಕಂಪನಿಯಿಂದ ತಮ್ಮ ಹೆಸರಲ್ಲೇ ಆಲ್ಬಮ್ ತಂದರು! ವಾದ್ಯವೃಂದದ ಪರಿಚಯ ಹೇಳುವಾಗ ಚಪ್ಪಾಳೆ ಜೋರಿರುತ್ತದೆ, ಕಿವಿಗೊಟ್ಟು ಹೆಸರು ಬರೆದುಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಿ ಸುಮ್ನೆ ಮಾತಾಡಿಸಿ. "ಬೇರೆ ಯಾರನ್ನು ಕೇಳಬೇಕು?" ಅಂತ ಅವರನ್ನೇ ಕೇಳಿ.

ಕೊನೆಗೆ ಆ ಹೆಸರುಗಳನ್ನು ರೋಸಾಸ್ ಲೌಂಜ್, ಕಿಂಗ್‌ಸ್ಟನ್ ಮೈನ್ಸ್ ಥರದ ಚಿಕಾಗೋದ ಬ್ಲೂಸ್ ಕ್ಲಬ್‌ಗಳ ಆ ವಾರದ ಪಟ್ಟಿಯಲ್ಲಿ ಹುಡುಕಿ. ಸಿಕ್ಕೇ ಸಿಗುತ್ತಾರೆ ಅಂತ ಹೇಳಲಾರೆ.